ನೆನೆದ ಕೋಟಿನ ತೂಕ

ಕೊನೆಯ ಕಮಿಟ್ ಟುರ್ಕುವಿನ ಪ್ರತಿಯನ್ನು ಮುಟ್ಟಿದ ಮೇಲೂ
ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ.
ನಾನೂರ ಹನ್ನೆರಡು ಬೈಟು.
ಯಾರವು? ಯಾರವೂ ಅಲ್ಲ.
ಬಫರು ಖಾಲಿ, ನಾನೇ ಇಣುಕಿ ನೋಡಿದ್ದೇನೆ.

ಔಲುವಿನಲ್ಲಿ ಜನವರಿ, ಮಧ್ಯಾಹ್ನ ಮೂರಕ್ಕೇ ಕತ್ತಲು.
ಪಕ್ಕದ ಮೇಜಿನ ವೆಯ್ಕೊ ಅನ್ನುತ್ತಾನೆ:
"ಬಿಡು, ನಾನೂರು ಬೈಟಿಗೆ ಯಾರಪ್ಪನ ಗಂಟು ಹೋಯಿತು?"
ನಿಜ. ಆದರೆ ದಿನಕ್ಕೆ ನಲವತ್ತು ಸಾವಿರ ಸಲ ಹೀಗೆ ಉಳಿದರೆ
ಇಲ್ಲದ ಭಾರಕ್ಕೆ ಹೆದರಿ ಯಂತ್ರ
ಇರುವ ಸಾಲುಗಳನ್ನೆಲ್ಲ ಡಿಸ್ಕಿಗೆ ಹೊತ್ತು ಹಾಕುತ್ತದೆ.
ಆ ಕಡೆಗೆ ತಪ್ಪಿದರೆ ಇನ್ನೂ ಕೇಡು:
ಸೊನ್ನೆಯ ಕೆಳಗೆ ಮೆಟ್ಟಿಲಿಲ್ಲದ ಅಂಕಿ ಅದು,
ಒಂದು ಹೆಚ್ಚು ಕಳೆದೆಯೋ
ಸುತ್ತಿ ಬಂದು ಆಕಾಶದಷ್ಟಾಗಿ ನಿಲ್ಲುತ್ತದೆ.

ಅಮ್ಮ ಹಿಲ್ಕ ಮೂವತ್ತೊಂದು ಚಳಿಗಾಲ
ನಾಟಕಶಾಲೆಯ ಬಾಗಿಲಲ್ಲಿ ಕೋಟು ಕಾದವಳು.
ಒಂದು ವರ್ಷ ಹೊಸ ಮ್ಯಾನೇಜರ್ ಬಂದ.
ಹಳೆಯ ಗೂಟಗಳು ಮುರಿದಾವೆಂದು ತಕ್ಕಡಿ ಇಡಿಸಿದ:
ಬಂದ ಕೋಟು ತೂಗಿ ಕೂಡು,
ಹೋಗುವ ಕೋಟು ತೂಗಿ ಕಳೆ.
ಮೊದಲ ರಾತ್ರಿಯೇ, ಗೂಟಗಳೆಲ್ಲ ಬೋಳು,
ಪುಸ್ತಕದಲ್ಲಿ ಮಾತ್ರ ಹನ್ನೊಂದು ಕಿಲೋ.
ಅವನು ಕಪಾಟಿನ ಸಂದಿಯಲ್ಲೆಲ್ಲ ಟಾರ್ಚು ಬಿಟ್ಟು ಹುಡುಕಿದ.
ಅಮ್ಮ ನೆಲ ಒರೆಸಿದ ಬಟ್ಟೆ ಹಿಂಡಿ
ಬಕೆಟ್ಟನ್ನು ಅವನ ಮುಂದಿಟ್ಟಳು:
"ಇಗೋ, ನಿಮ್ಮ ಹನ್ನೊಂದು ಕಿಲೋ."

ಹಿಮದಲ್ಲಿ ನೆನೆದು ಬಂದದ್ದು
ಮೂರನೆಯ ಅಂಕಕ್ಕೆ ಒಣಗಿತ್ತು, ಅಷ್ಟೆ.

ಈಗ ಸಾಲು ಹಿಡಿದು ಓದುತ್ತೇನೆ. ಅಲ್ಲೇ ಇದೆ.
ಬಂದಾಗ ಒಂದು ಗಾತ್ರ; ನಡುವೆ
ಉದ್ದದ ಪಠ್ಯವನ್ನು ಹಿಂಡುವ ಕೋಣೆ,
ಯಾವನೋ ಆರು ವರ್ಷದ ಹಿಂದೆ ಕಟ್ಟಿದ್ದು, ಚೊಕ್ಕ ಕೆಲಸ,
ಆದರೆ ಬಕೆಟ್ಟು ಇಡಲಿಲ್ಲ;
ಬಿಡುವಾಗ ಮತ್ತೆ ಅಳೆದು
ಒಣಗಿದ ಮೈಯನ್ನೇ ಕಳೆಯುತ್ತಿದ್ದೇವೆ.

ತಿದ್ದಿದ್ದು ನಾಲ್ಕೇ ಸಾಲು.
ಅಮ್ಮ ಆಮೇಲೆ ಬಿಲ್ಲೆಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದಳಂತೆ:
ಬಂದದ್ದು ಇಷ್ಟು.
ಹಿಂಡಿದರೆ, ಹಿಂಡಿದ ಗಳಿಗೆಯಲ್ಲೇ
ಬಿಲ್ಲೆಯಲ್ಲೂ ಪುಸ್ತಕದಲ್ಲೂ ತಿದ್ದು.
ಹೋಗುವಾಗ ಬಿಲ್ಲೆ ನೋಡು,
ಕೋಟನ್ನು ಕೇಳಬೇಡ.

ಪರೀಕ್ಷೆ ಓಡಿಸಿದೆ. ಏರಿತು, ಏರಿತು,
ಇಳಿಯಿತು. ಸೊನ್ನೆ.
ವೆಯ್ಕೊ ಆಗಲೇ ಬಸ್ಸಿಗೆ ಹೋಗಿದ್ದ.
ಯಾರಿಗಾದರೂ ಹೇಳಬೇಕಲ್ಲ, ಅಮ್ಮನಿಗೆ ಫೋನು ಮಾಡಿದೆ.
ಎಲ್ಲ ಕೇಳಿಸಿಕೊಂಡು ಅಂದಳು:
"ಹನ್ನೊಂದಲ್ಲ ಕಣೇ, ಒಂಬತ್ತೂವರೆ.
ನೀನು ಮೊದಲಿನಿಂದಲೂ ಹೀಗೇ."

ಒಂದೂವರೆ ಕಿಲೋ.
ಇಷ್ಟು ವರ್ಷ ನನ್ನೊಳಗೆ
ಎಲ್ಲಿ ನೆನೆಯುತ್ತಿತ್ತೋ.