ಮೂರನೇ ಮಹಡಿ

ಓಬ್ರಿಯಾಕ್ ಫ್ಯಾಷನ್ ಮನೆತನದವರು ಅಂಚೆಯಲ್ಲಿ ಕಳಿಸಿದ್ದಾರೆ:
ಐವತ್ತು ಮಿಲಿಲೀಟರು, ದಪ್ಪ ಗಾಜು,
ಮುಚ್ಚಳ ಅಂಗುಸ್ತಾನದ ಹಾಗೆ ಚುಕ್ಕಿ ಚುಕ್ಕಿ,
ಸೊಂಟದ ಮೇಲೆ ಓರೆಯಾಗಿ ಅವರ ಜಗತ್ಪ್ರಸಿದ್ಧ ಎಲೆ.
ಅತ್ತರಿನ ಹೆಸರು 'ಮೂರನೇ ಮಹಡಿ'.
ಜೊತೆಗೊಂದು ಕಾರ್ಡು: 'ನಮ್ಮ ನೂರು ವರ್ಷದ ಕೈಗಳಿಗೆ.'
ಕೈಗಳಿಗಂತೆ.
ಕತ್ತಿನ ಮೇಲಿದ್ದದ್ದನ್ನು ಆಗಲೂ ಯಾರೂ ಕೇಳಲಿಲ್ಲ, ಬಿಡಿ.

ಇಪ್ಪತ್ತೇಳು ವರ್ಷ ನಾನಲ್ಲಿ ಇಸ್ತ್ರಿಯವಳು.
ಗುರುವಾರ ಇಸ್ಪೀಟಿಗೆ ಬಂದವರೆದುರು,
ಪ್ಯಾರಿಸ್ಸಿನ ಅಂಚಿನ ಈ ಅಡುಗೆಮನೆಯಲ್ಲಿ,
ಮಣಿಕಟ್ಟಿಗೆ ಎರಡು ಸಲ ಚಿಮುಕಿಸಿದೆ.

ಮೊದಲು ಕಿತ್ತಳೆ ಸಿಪ್ಪೆ. ಹಿಂದೆಯೇ ಐರಿಸ್ ಬೇರು,
ಮಿಂದು ಪೌಡರು ಬಳಿದ ಸಾಹುಕಾರರ ಕೂಸಿನಂತೆ.
ಕಂಪು ಅನ್ನಬಹುದು. ವಾಸನೆ ಅನ್ನಲಾರೆ.
ಗಿಲೆನ್ ಕನ್ನಡಕ ಏರಿಸಿ ಪುಸ್ತಿಕೆ ಓದಿದಳು:
'ಹೊಲಿಗೆಮನೆಯ ಮೌನ, ರೇಷ್ಮೆಗೆ ಒರಗಿದ ಬೆಳಕು...'
ಮೌನ!
ವರ್ದಿಯಾ ನಕ್ಕ ರಭಸಕ್ಕೆ ರಾಣಿ, ಗುಲಾಮ ನೆಲಕ್ಕೆ ಬಿದ್ದರು.
ಹದಿನಾಲ್ಕು ಮಂದಿ, ಒಂದೇ ಕಿಟಕಿ,
ಅದೂ ಬಣ್ಣ ಬಳಿದು ಅಂಟಿಕೊಂಡದ್ದು.

ಮೂರನೇ ಮಹಡಿ ಅಂದರೆ
ಒದ್ದೆ ಉಣ್ಣೆ ಕಾದಾಗ ಏಳುವ ಕುರಿಯ ನಾತ,
ಮಿಷನ್ನಿನ ಎಣ್ಣೆ, ಸೀಮೆಸುಣ್ಣದ ಧೂಳು,
ಹೀಟರಿನ ಮೇಲೆ ಎಲೆಕೋಸಿನ ಡಬ್ಬಿ,
ಕಂಕುಳ ಬೆವರು, ನಮ್ಮದು, ರೂಪದರ್ಶಿಯರದೂ
(ಎರಡಕ್ಕೂ ವ್ಯತ್ಯಾಸ ನನ್ನ ಇಸ್ತ್ರಿಗೆ ತಿಳಿಯುತ್ತಿರಲಿಲ್ಲ).

ಪುಟ ಎರಡು: 'ಮದಾಂ ತಮ್ಮ ಕೈಯಾರೆ ಹೊಲಿದ ಮೊದಲ ನಿಲುವಂಗಿ.'
ಗುಂಡಿ ಹಾಕಲು ಬರುತ್ತಿರಲಿಲ್ಲ ಆಕೆಗೆ.
ಕಣ್ಣಿತ್ತು, ಇಲ್ಲವೆನ್ನಲಾರೆ:
ಹದಿನೈದು ಹೆಜ್ಜೆಯಾಚೆ ಸೆಟೆದ ಒಂದೆಳೆಯನ್ನು
ಹೆಸರು ಹಿಡಿದು ಬೈಯುತ್ತಿದ್ದಳು.

ನಾಲ್ಕನೇ ಆಟಕ್ಕೆ ಐರಿಸ್ ಎದ್ದು ಹೋಯಿತು.
ಎಲೆ ಎತ್ತಲು ಕೈ ಚಾಚಿದೆ,
ಮಣಿಕಟ್ಟಿನಿಂದ ಥಟ್ಟನೆ
ಬಿಳಿ ಬಟ್ಟೆಗೆ ಕಾದ ಕಬ್ಬಿಣ ತಗುಲಿದ ಆ ವಾಸನೆ.
ಯಾವ ಪುಣ್ಯಾತ್ಮ ಕೂಡಿಸಿದನೋ, ತಿಳಿದೋ, ತಿಳಿಯದೆಯೋ.
ಉಸಿರು ಸಿಕ್ಕಿಕೊಂಡಿತು.

ಆ ರಾತ್ರಿ ಮದುವಣಗಿತ್ತಿಯ ಉಡುಪು,
ಸೊಂಟದ ಮೇಲೆ ನನ್ನ ಇಸ್ತ್ರಿ, ಒಂದು ಕ್ಷಣ ಹೆಚ್ಚು.
ಕಂದು ಕಲೆ, ಓರೆಯಾಗಿ, ಕಿರುಬೆರಳುದ್ದ.
ನಾನು ಅಳುತ್ತ ನಿಂತೆ. ವರ್ದಿಯಾ ದೀಪ ಎಳೆದುಕೊಂಡಳು,
ಬೆಳಗಿನ ಜಾವದ ಹೊತ್ತಿಗೆ ಕಲೆಯಿಲ್ಲ,
ಅಲ್ಲೊಂದು ಎಲೆ.
ಮದಾಂ ನೋಡಿದಳು. ಬಹಳ ಹೊತ್ತು ನೋಡಿದಳು.
'ಇನ್ನು ಎಲ್ಲದರ ಮೇಲೂ ಇದಿರಲಿ' ಅಂದಳು.
ಅಷ್ಟೇ. ನನ್ನ ಸಂಬಳ ಮುರಿಯಲಿಲ್ಲ, ಅವಳದು ಏರಲಿಲ್ಲ.
ಪುಟ ಐದರಲ್ಲಿ ಆ ಎಲೆ
ಮದಾಂ ಬಾಲ್ಯದ ತೋಟದ್ದಂತೆ.

ವಿಮರ್ಶೆ ಹೇಳು ಅಂದಿರಲ್ಲ:
ಐರಿಸ್‌ಗೆ ಹತ್ತಕ್ಕೆ ನಾಲ್ಕು.
ಸುಟ್ಟದ್ದಕ್ಕೆ ಅಂಕ ಕೊಡುವವಳು ನಾನಲ್ಲ,
ಮಣಿಕಟ್ಟನ್ನು ಮೇಜಿನಾಚೆಗೆ ಚಾಚಿದೆ.
ವರ್ದಿಯಾ ಮೂಸಿದಳು, ಏನೂ ಅನ್ನಲಿಲ್ಲ.
ಸೀಸೆ ಎತ್ತಿ, ಗಾಜಿನ ಎಲೆಯ ಮೇಲೆ ಉಗುರಾಡಿಸಿ ಎಣಿಸಿದಳು.
'ಆರು ನರ. ನಾನು ಏಳು ಹಾಕಿದ್ದೆ.'
ಸೀಸೆಯನ್ನು ಉಪ್ಪಿನ ಡಬ್ಬಿಯ ಪಕ್ಕ ಸರಿಸಿ
'ಎಲೆ ಹಂಚು' ಅಂದಳು.