ಸರಿಗುರುತು

ಶಿಡ್ಲಘಟ್ಟದ ಈ ಫಿಲೇಚರಿನಲ್ಲಿ
ಹಾಜರಿ ಪುಸ್ತಕ ಹೋಗಿ ಪರದೆ ಬಂದು ಎರಡು ವಾರ.
ಬರೆದವಳು ನಾನೇ.
ಹೆಸರಿಗೊಂದು ಚೌಕ, ಮುಟ್ಟಿದರೆ ಸರಿಗುರುತು,
ಗುರುತು ಬಿದ್ದರೆ ಕೆಳಗೆ ಕೂಲಿ ಕೂಡಬೇಕು.

ಮೇಸ್ತ್ರಿ ಖಲಂದರ್ ಸಾಬರಿಗೆ ಅವಸರ.
ಒಬ್ಬೊಬ್ಬರನ್ನೇ ಯಾರಮ್ಮ ಒತ್ತುತ್ತಾ ಕೂರೋದು,
'ಎಲ್ಲರೂ' ಅಂತ ಒಂದು ಚೌಕ ಹಾಕಿಕೊಡು ಅಂದರು.
ಹಾಕಿದೆ.
ಒತ್ತಿದರು. ಹದಿನೆಂಟೂ ಚೌಕ ಪಟಪಟ ತುಂಬಿದವು.
ಮೊತ್ತ ಮಾತ್ರ ಸೊನ್ನೆ.

ರಾತ್ರಿ ಕೂತು ಹುಡುಕಿದೆ. ಕಾರಣ ಇಷ್ಟೇ:
ಬೆರಳು ಮುಟ್ಟಿ ಬದಲಾದ ಚೌಕ
'ಬದಲಾದೆ' ಅಂತ ಕೂಗುತ್ತದೆ.
ಸ್ಕ್ರಿಪ್ಟೇ ಬದಲಾಯಿಸಿದ್ದು
ಗುರುತು ಹೊತ್ತುಕೊಂಡು ಬಾಯಿ ಮುಚ್ಚಿಕೊಂಡಿರುತ್ತದೆ.
ಕಿವಿಗೊಟ್ಟು ಕೂತ ನನ್ನ ಫಂಕ್ಷನ್ನಿಗೆ
ಯಾರೂ ಏನೂ ಹೇಳಿಲ್ಲ.
ಸರಿ, ಒಂದೊಂದರ ಪರವಾಗಿಯೂ ನಾನೇ ಕೂಗಿಸಿದೆ.
ಮೊತ್ತ ಬಂತು. ಸಾಬರು ಟೀ ತರಿಸಿದರು.

ಶನಿವಾರ ಬಟವಾಡೆ.
ಮೆಹರುನ್ನಿಸಾ ಬಂದು ಪರದೆಗೆ ಬಗ್ಗಿದಳು,
ಮೈಯೆಲ್ಲ ಬೆಂದ ಗೂಡಿನ ವಾಸನೆ.
'ಮಂಗಳವಾರ ನಾನು ಬಂದೇ ಇಲ್ಲ. ಇದ್ಯಾಕೆ ಗುರುತು?'
'ಎಲ್ಲರೂ ಅಂತ ಒತ್ತಿದ್ದರು.'
'ಆ ಎಲ್ಲರಲ್ಲಿ ನಾನಿರಲಿಲ್ಲ.'

ತಾನೇ ಒತ್ತಿದಳು. ಪರದೆ ಒಪ್ಪಲಿಲ್ಲ.
ಬಿಸಿನೀರಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಬೆಳ್ಳಗೆ ಸುಕ್ಕಾದ ಬೆರಳು.
ಇನ್ನೊಮ್ಮೆ. ಒರೆಸಿಕೊಂಡು ಇನ್ನೊಮ್ಮೆ.
ಕೊನೆಗೆ ಬೆರಳಿನ ಗೆಣ್ಣಿನಿಂದ.

ಗುರುತು ಹೋಯಿತು.
ಮೊತ್ತದಲ್ಲಿ ನಾನೂರು ಇಳಿಯಿತು,
ನಾನು ಏನೂ ಕೂಗಿಸದೆ.