ತೂಕವಿಲ್ಲದ ಸರಕು

ಲಾರಿಯವನು ತೂಗುವುದಿಲ್ಲ, ಕಣ್ಣಲ್ಲೇ ಅಳೆಯುತ್ತಾನೆ:
‘ಅಕ್ಕಾ, ನಿನ್ನ ಚೀಲ ಹಗುರ, ಖರೆ.
ಜಾಗ ಮಾತ್ರ ಸಿಮೆಂಟಿಗಿಂತ ಜಾಸ್ತಿ ತಿಂತತಿ.’
ಹೀಗೆ ಗಾಳಿಗೂ ಬಾಡಿಗೆ ಕೊಟ್ಟು
ದಾವಣಗೆರೆಯಿಂದ ಹುಬ್ಬಳ್ಳಿಗೆ
ವಾರಕ್ಕೆರಡು ಸಲ ಮಂಡಕ್ಕಿ ಕಳಿಸುತ್ತೇನೆ.

ಮಾವ ಖಾಸಿಂಸಾಬರು ಕಟ್ಟಿದ ಭಟ್ಟಿ.
ನಸುಕಿನ ಮೂರಕ್ಕೆ ಬೆಂಕಿ.
ಕಾದ ಉಸುಕಿಗೆ ಉಪ್ಪು ಕುಡಿದ ಅಕ್ಕಿ ಬಿದ್ದರೆ
ಒಂದು ಉಸಿರು ಹಿಡಿಯುವಷ್ಟು ಹೊತ್ತು, ಅಷ್ಟೇ.
ಹೆಚ್ಚಾದರೆ ಕರಕಲು, ಕಡಿಮೆಯಾದರೆ ಕಲ್ಲು.
ಆ ಲೆಕ್ಕ ಮಾವನ ಕೈಯಲ್ಲಿದೆ.
ಮಿಕ್ಕ ಲೆಕ್ಕವೆಲ್ಲ ನನ್ನ ನೋಟುಬುಕ್ಕಿನಲ್ಲಿ.

‘ಒಯ್ಯಿರಿ ಮಾರಾಯ್ರೆ, ಅಂಗಳ ಖಾಲಿಯಾಗಲಿ’
ಎಂದು ಹೊಟ್ಟು ಸುಮ್ಮನೆ ಕೊಡುತ್ತಿದ್ದ ಮಿಲ್ಲಿನ ರುದ್ರಮುನಿ
ಈಗ ಮುಂಗಡವಿಲ್ಲದೆ ಗೇಟು ತೆಗೆಯುವುದಿಲ್ಲ.
ಇಟ್ಟಿಗೆಯವರಿಗೂ ಬೇಕಂತೆ, ಬಾಯ್ಲರಿನವರಿಗೂ.
ಕಸಕ್ಕೆ ಬೆಲೆ ಬಂದ ದಿನ
ನಮ್ಮ ಬೆಲೆ ಇಳಿಯಿತು.

ಹೊಗೆಯ ಕೊಳವೆ ಹದಿನೈದು ಅಡಿ ಏರಿಸಿ ಎಂದು ನೋಟೀಸು.
ತಪ್ಪು ಹೇಳಲಾರೆ, ನನ್ನ ಚಿಕ್ಕವಳಿಗೂ ದಮ್ಮು.
ಆದರೆ ಹದಿನೈದು ಅಡಿ ಆಕಾಶಕ್ಕೆ ಎಷ್ಟಾಗುತ್ತದೆಂದು
ಅದರಲ್ಲಿ ಬರೆದಿರಲಿಲ್ಲ.

ಬ್ಯಾಂಕಿನವರು ಬಂದರು, ಒಳ್ಳೆಯ ಮನುಷ್ಯ,
ಚಪ್ಪಲಿ ಹೊರಗೇ ಬಿಟ್ಟರು.
ಸೂರು ಮುಟ್ಟುವ ಚೀಲಗಳ ಕಂಡು ಕಣ್ಣರಳಿಸಿದರು.
ತೂಕ ಹೇಳಿದೆ. ‘ಇಷ್ಟೇನಾ ಅಮ್ಮಾ?’
ಪೆನ್ನಿನ ಟೋಪಿ ಮುಚ್ಚಿದರು.
ಜಾಗ ಬಾಡಿಗೆಯದು, ಭಟ್ಟಿ ಮಣ್ಣಿನದು,
ಮಾವನ ಕೈ ಯಾವ ಕಾಲಮಿನಲ್ಲೂ ಕೂರುವುದಿಲ್ಲ.
ಒಂದು ಸೇರು ಮಂಡಕ್ಕಿ ಕಟ್ಟಿಕೊಟ್ಟೆ, ಬೇಡವೆನ್ನಲಿಲ್ಲ.

ಹುಬ್ಬಳ್ಳಿಯ ಕಂಪನಿಯ ಹುಡುಗಿಯ ದನಿ ಜೇನು:
‘ಸಿಸ್ಟಮ್ಮಿನಲ್ಲಿ ತೊಂಬತ್ತು ದಿನ ತೋರಿಸ್ತಿದೆ ಮೇಡಂ.’
ಶನಿವಾರ ಸಂಜೆ ಜರಡಿಯ ಹುಸೇನಬಿ,
ಚೀಲ ಹೊಲಿಯುವ ಹಾಲಪ್ಪ
ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತರೆ
ನನಗೆ ಯಾವ ಸಿಸ್ಟಮ್ಮೂ ಇಲ್ಲ.
ಎಂಟು ಸಾವಿರ ಬಿಟ್ಟುಕೊಟ್ಟು ಚೀಟಿ ಎತ್ತಿದೆ.

ತೊಂಬತ್ತು ನೂರಾಹತ್ತಾದಾಗ ನಾನೇ ಹೋದೆ.
ತಣ್ಣನೆಯ ಕೋಣೆ, ತಣ್ಣನೆಯ ನೀರು.
‘ಸಾಹೇಬರು ಪುಣೆಯಲ್ಲಿದ್ದಾರೆ.’
ಬಸ್‌ಸ್ಟ್ಯಾಂಡಿನ ಎದುರು ದೀಪದ ಅಂಗಡಿ,
ಸಾಲು ಸಾಲು ಹಸಿರು ಪೊಟ್ಟಣ,
ಮೇಲೆ ನಗುವ ಅಜ್ಜಿಯ ಚಿತ್ರ,
‘ಮನೆಯ ರುಚಿ’ ಎಂಬ ಬರಹ.
ನಮ್ಮ ಭಟ್ಟಿಯಲ್ಲಿ ಅಂಥ ಅಜ್ಜಿ ಇಲ್ಲ.
ಇರುವ ಹುಸೇನಬಿ ನಗುವುದು ಕಡಿಮೆ.

ನಲವತ್ತೈದು ರೂಪಾಯಿ. ಉದ್ರಿ ಇಲ್ಲ, ತೊಂಬತ್ತು ದಿನವೂ ಇಲ್ಲ,
ಹುಡುಗ ಕೈ ಚಾಚಿದ, ಎಣಿಸಿ ಕೊಟ್ಟೆ.
ರಾಣೆಬೆನ್ನೂರು ದಾಟುವವರೆಗೆ ತೊಡೆಯ ಮೇಲಿತ್ತು.
ಆಮೇಲೆ ತೆರೆದೆ.
ಉಪ್ಪು ನಮ್ಮದು.
ಹರಿಹರದ ಸೇತುವೆಯ ಮೇಲೆ
ಹಲ್ಲಿಗೊಂದು ಉಸುಕಿನ ಕಣ ಸಿಕ್ಕಿತು,
ಅದೂ.
ನೋಟುಬುಕ್ಕು ತೆಗೆದು ನಲವತ್ತೈದು ಎಂದು ಬರೆದೆ,
ಯಾವ ಬಾಬ್ತು ಎಂದು ಹೊಳೆಯಲಿಲ್ಲ:
ಖರೀದಿಯೋ, ಮಾರಾಟವೋ.

ರಾತ್ರಿ ಮಾವ ಕೇಳಲಿಲ್ಲ, ನನ್ನ ಮುಖ ನೋಡಿದರು.
ಉಳಿದ ಪೊಟ್ಟಣ ಅವರ ಮುಂದಿಟ್ಟೆ.
ಅಜ್ಜಿಯನ್ನಾಗಲಿ ಅಕ್ಷರವನ್ನಾಗಲಿ ನೋಡದೆ
ಒಂದು ಕಾಳು ತೆಗೆದು ಬೆರಳಲ್ಲಿ ಹೊಸಕಿದರು,
ಇನ್ನೊಂದು.
‘ರಂಜಾನಿಗಿಂತ ಮುಂಚಿನದು ಇದು’ ಎಂದರು,
‘ಅವತ್ತು ಹೊಟ್ಟು ಹಸಿ ಇತ್ತು.’